ಎಡೆ ಮುಟ್ಟಿದ ಹೊಳೆಹಕ್ಕಿ

ದೇವನೂರಿನ ಶಿವನಂಜಮ್ಮನ ಗಂಡ ಚಿಕ್ಕಸ್ವಾಮಿ ಮೀನು ಅಂದರೆ ಪ್ರಾಣ ಬಿಡುತ್ತಿದ್ದ. ಬೆಳಿಗ್ಗೆ ಗಾಳ ಹಿಡಿದು ಹೊರಟರೆ ಊರೂರು ಸುತ್ತಿ, ಸಂಜೆಗೆ ಬರಿಗೈಯಲ್ಲಿ ಬಂದು, ಹೊಸಿಲಾಚೆ ನಿಂತು ಎತ್ತಲೋ ನೋಡುತ್ತ, "ಇವತ್ತು ನೀರು ಸರಿ ಇರ್ಲಿಲ್ಲ ಕಣಮ್ಮಿ" ಅನ್ನುತ್ತಿದ್ದ. ಆ ಮನೆಯಲ್ಲಿ ಬೆಂದ ಮೀನೆಲ್ಲ ಹುಲ್ಲಹಳ್ಳಿ ಸಂತೆಯದು.

ಅವನ ತಿಥಿ ನರಸೀಪುರದ ಹೊಳೆದಡದಲ್ಲಿ ನಡೆಯಿತು. ಬಾಳೆಲೆಯಲ್ಲಿ ಮುದ್ದೆ, ಹುರಿದ ಮೀನು ಎಡೆಯಿಟ್ಟು ಕಾಗೆಗೆ ಕಾದರು. ಕಾಗೆ ಮುಟ್ಟದೆ ಸತ್ತವನಿಗೆ ನೆಮ್ಮದಿಯಿಲ್ಲ, ಬದುಕಿದ್ದವರಿಗೆ ಊಟವಿಲ್ಲ. ಕಾಗೆಗಳು ಮರದಿಂದ ಇಳಿಯಲೇ ಇಲ್ಲ. ಮಗ ಕಾಂತರಾಜು, "ಅಪ್ಪಂಗೆ ಹಸಿ ಮೀನೇ ಬೇಕೇನೋ" ಎಂದು ಸಂತೆಯಿಂದ ತಂದಿದ್ದ ಬುಟ್ಟಿಯಿಂದ ಪುಟ್ಟ ಮೀನೊಂದನ್ನು ತೆಗೆದು ಎಲೆಗಿಟ್ಟ. ಗಾಳಿಗೆ ಎಲೆ ಜಾರಿ ನೀರಿಗಿಳಿಯಿತು. ಕರಿನೆತ್ತಿ, ಹಳದಿ ಕೊಕ್ಕಿನ ಹೊಳೆಹಕ್ಕಿಯೊಂದು ಮೇಲಿನಿಂದ ಎರಗಿ ಮೀನು ಕಚ್ಚಿಕೊಂಡು ಹಾರಿತು.

"ಮುಟ್ತು! ಊಟಕ್ಕೆ ಎಲೆ ಹಾಕ್ರೋ!" ಎಂದರು ಚಿಕ್ಕಸ್ವಾಮಿಯ ಅಣ್ಣ ಮಹಾದೇವಸ್ವಾಮಿ.

"ಅದು ಕಾಗೆ ಅಲ್ವಲ್ಲ ದೊಡ್ಡಪ್ಪ."

"ನಿಮ್ಮಪ್ಪ ಯಾವತ್ಲಾ ಎಲ್ರಂಗಿದ್ದ?"

ಹಕ್ಕಿ ನಡುಹೊಳೆಯ ಬಂಡೆಗೆ ಹೋಗಿ, ಅಲ್ಲಿ ಕೂತಿದ್ದ ಹೆಣ್ಣುಹಕ್ಕಿಯ ಮಗ್ಗುಲಿನ ಮರಿಯ ಬಾಯಿಗೆ ಮೀನು ತುರುಕಿತು.

"ಇವ್ರ ಮನೆ ಕಾಯ್ವೋಗ! ಅಲ್ಲೊಂದು ಸಂಸಾರ ಮಡಿಕಂಡವ್ರಾ?" ಶಿವನಂಜಮ್ಮ ಎದ್ದು ನಿಂತಳು. "ನಂಗೊಂದು ಮೀನು ಇಡುದು ಕೊಟ್ಟವ್ರಲ್ಲ. ಇದು ಅವ್ರೋ ಅಲ್ವೋ ನೋಡ್ಕಂಡೇ ಬತ್ತೀನಿ. ಅಲ್ಲೀಗಂಟ ಯಾರೂ ಉಣ್ಬ್ಯಾಡಿ!"

ಮೀನಿನ ಬುಟ್ಟಿ ಸಮೇತ ಅಂಬಿಗ ನಟರಾಜನ ಹರಿಗೋಲು ಹತ್ತಿದಳು.

"ಮರಿ ಇರೋಗಂಟ ಇವು ಇಂಗೇ ಕಣವ್ವಾ," ಎಂದ ನಟರಾಜ ಹುಟ್ಟು ಹಾಕುತ್ತ. "ಒಂದು ಕೂತು ನೆಳ್ಳು ಮಾಡ್ತದೆ, ಇನ್ನೊಂದು ಅಲೀತದೆ. ಇವ್ರ ನೆಂಟ್ರು ಸಮುದ್ರದ ಮ್ಯಾಲೂ ಇಂಗೇ ಅಲೀತಾವಂತೆ."

ಹಕ್ಕಿ ಕೊಕ್ಕು ಕೆಳಗೆ ಮಾಡಿ ನೀರನ್ನೇ ಸೋಸುವಂತೆ ಹಾರಿತು. ಹತ್ತಿರದ ಮಡುವಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು ಧುಮುಕಿತು, ಏನೂ ಸಿಗಲಿಲ್ಲ. ಸೇತುವೆ ದಾಟಿ ಕಬಿನಿಯತ್ತ ಹೋಯಿತು, ಮತ್ತೆ ಧುಮುಕಿತು, ಎದ್ದು ಮೈ ಕೊಡವಿತು. ಬಿಸಿಲು ಇಳಿಯುವ ಹೊತ್ತಿಗೆ ಬರಿಗೊಕ್ಕಿನಲ್ಲಿ ಬಂಡೆಗೆ ಮರಳಿ, ಸಂಸಾರದಿಂದ ಒಂದಿಷ್ಟು ದೂರ ನಿಂತು, ಎತ್ತಲೋ ನೋಡಿತು. ಹೆಣ್ಣುಹಕ್ಕಿ ಕಿರುಚಿಕೊಂಡಿತು.

ಶಿವನಂಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇವ್ರೇ ಕಣೋ ನಟರಾಜ. ನಿಲ್ಲೋದೂ ಅಂಗೇಯ."

ಬುಟ್ಟಿಯಿಂದ ಒಂದು ಮೀನು ತೆಗೆದು ಬಂಡೆಯ ಬಳಿ ನೀರಿಗೆಸೆದಳು.

"ತಕ್ಕಳಿ. ನೀವೇ ಇಡುದ್ರಿ ಅಂತ ಅವ್ಳಿಗೆ ಏಳಿ."

ಹಕ್ಕಿ ಎರಗಿ ಎತ್ತಿಕೊಂಡಿತು. ಆಕೆ ದಡದ ಕಡೆ ತಿರುಗಿ, "ಎಲೆ ಹಾಕ್ರಪ್ಪೋ!" ಎಂದು ಕೂಗಿದಾಗ ಮಹಾದೇವಸ್ವಾಮಿ ಎರಡನೇ ಮುದ್ದೆ ಮುರಿಯುತ್ತಿದ್ದರು.