ಹಕ್ಕಿ ಮಂದಿಯ ಕಟ್ಟಳೆ

ಮಳಗಿಯ ಜಲಾಶಯದ ಜೌಗಿನಲ್ಲಿ ಎಮ್ಮೆ ಮೇಯಿಸುತ್ತ ನನ್ನ ಅಕ್ಕ ಹಕ್ಕಿ ಮಂದಿ ಎಂಬ ಕುಲವನ್ನೇ ಕಲ್ಪಿಸಿದ್ದಳು. ಅವರಿಗೆ ಕೊಕ್ಕರೆಯ ಕಾಲು, ಮನುಷ್ಯರ ಕೈ, ಇರಲು ಜೊಂಡಿನ ಗೂಡು. ಅವರಲ್ಲಿ ಮದುವೆಯಾದ ಹುಡುಗಿ ತವರು ಬಿಡುತ್ತಿರಲಿಲ್ಲ. ಯಾರಾದರೂ ಸತ್ತರೆ ಇಡೀ ಕುಲ ಸಂಜೆಯವರೆಗೆ ನೀರಿನಲ್ಲಿ ಸುಮ್ಮನೆ ನಿಲ್ಲುತ್ತಿತ್ತು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಿದ್ದರಿಂದ ಅಕ್ಕ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ.

ಹೋದ ವರ್ಷ ಅದನ್ನೇ ತಿದ್ದಿ ನನ್ನ ಹೆಸರಿನಲ್ಲಿ ಪುಸ್ತಕ ಮಾಡಿದೆ. ಹಳಿಯಾಳದಲ್ಲಿ ಬಿಡುಗಡೆಯಾದಾಗ ಎಲ್ಲರೂ ನನ್ನ ಕಲ್ಪನೆಯನ್ನು ಹೊಗಳಿದರು. ನಾನು ಅಲ್ಲವೆನ್ನಲಿಲ್ಲ.

ಸಭೆ ಮುಗಿದ ಮೇಲೆ ಅಕ್ಕ ಪುಸ್ತಕ ಮಗುಚಿ ನೋಡಿ ಕೇಳಿದಳು, “ಇದರಾಗ ನನ್ನ ಹೆಸರು ಎಲ್ಲೈತೋ ತಮ್ಮಾ?”

“ನೀ ಬರೇ ಹೇಳಿದ್ದಿ. ಬರದಾಂವ ನಾನಲ್ಲೇನು?”

ಅವಳ ಮುಖ ಬಾಡಿತು. “ಇನ್ನೊಬ್ಬರ ಗೂಡಿನ ಕಡ್ಡಿ ಕದ್ದಾಂವಗ ನಮ್ಮ ಹಕ್ಕಿ ಮಂದಿ ಏನ್ ಮಾಡ್ತಿದ್ರು, ಹೇಳು?”

“ಅಂವನ ಸಂಗಾಟ ಯಾರೂ ಮಾತಾಡ್ತಿರಲಿಲ್ಲ,” ಎಂದೆ.

“ನೆನಪೈತಲ್ಲಾ,” ಎಂದವಳೇ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಮೊನ್ನೆ ಅವಳ ಮಗಳ ಮದುವೆಗೆ ಹೋಗಿದ್ದೆ. ಅಕ್ಕ ನನ್ನ ಎಲೆಗೆ ಹೋಳಿಗೆ ಬಡಿಸಿ ತುಪ್ಪ ಹಾಕಿದಳು. “ಸಾಕು ಅಕ್ಕಾ,” ಎಂದೆ. ಅವಳು ಮಾತಿಲ್ಲದೆ ಪಕ್ಕದ ಎಲೆಗೆ ಸರಿದು, ಅಲ್ಲಿ ಕೂತವರಿಗೆ “ಇನ್ನೊಂದ ತಗೋರಿ” ಎಂದು ಒತ್ತಾಯ ಮಾಡತೊಡಗಿದಳು.