ಖಲೀಮುಲ್ಲಾ ಸಾಹೇಬರು ಮತ್ತು ಲಕ್ನೋದ ಬುರುಡೆಗಳು

ಆಗೆಲ್ಲ ಚಿಂತಾಮಣಿ ಸುತ್ತಮುತ್ತ, ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳದವರೂ ಸತ್ತ ಮೇಲೆ ತೆಗೆಸಿಕೊಳ್ಳುತ್ತಿದ್ದರು. ತೆಗೆಯುತ್ತಿದ್ದವರು ಬಸ್ ಸ್ಟ್ಯಾಂಡ್ ಪಕ್ಕದ ಸ್ಟುಡಿಯೋದ ಖಲೀಮುಲ್ಲಾ ಸಾಹೇಬರು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮನೆಯವರು ಹಿಂದೆ ನಿಂತ ಮೇಲೂ ಅವರು ಹಿರಿಯರ ಹತ್ತಿರ ಹೋಗಿ "ತೆಗೀಲಾಮ್ಮ?" ಎಂದು ಕೇಳಬೇಕು. ಕೈವಾರದಲ್ಲಿ ಮಗನನ್ನು ಕಳಕೊಂಡ ಕದಿರಮ್ಮ ಕೊನೇ ಗಳಿಗೆಯಲ್ಲಿ "ಬೇಡಪ್ಪ" ಎಂದಾಗ, ಕ್ಯಾಮೆರಾ ಮುಚ್ಚಿ ಸೈಕಲ್ ಹತ್ತಿ ಬಂದ ಮನುಷ್ಯ.

ಇಂಥವರನ್ನು ನಮ್ಮ ಹೈಸ್ಕೂಲು ನಡೆಸಿಕೊಂಡ ರೀತಿ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನಾನು ಅಲ್ಲಿ ಡ್ರಾಯಿಂಗ್ ಮೇಷ್ಟ್ರು.

1957ನೇ ಇಸವಿ. ಸಿಪಾಯಿಗಳು ಬ್ರಿಟಿಷರ ಮೇಲೆ ತಿರುಗಿಬಿದ್ದು ನೂರು ವರ್ಷ. ಹೆಡ್‌ಮಾಸ್ಟರ್ ವೆಂಕಟರವಣಪ್ಪನವರು ಎಲ್ಲಿಂದಲೋ ಒಂದು ಹಳೇ ಇಂಗ್ಲಿಷ್ ಪುಸ್ತಕ ತಂದರು. ಅದರಲ್ಲೊಂದು ಫೋಟೋ: ಫಿರಂಗಿ ಏಟಿಗೆ ಪಾಳುಬಿದ್ದ ಲಕ್ನೋದ ಕಟ್ಟಡ, ಅಂಗಳದ ತುಂಬ ಸಿಪಾಯಿಗಳ ಬುರುಡೆ, ಮೂಳೆ. ಅದನ್ನು ದೊಡ್ಡದು ಮಾಡಿಸಿ, 'ಹೋರಾಡಿ ಬಿದ್ದಲ್ಲೇ ಮಲಗಿದ ವೀರರು' ಎಂದು ಬರೆಸಿ ಪ್ರದರ್ಶನಕ್ಕಿಡಬೇಕೆಂದು ಸಾಹೇಬರನ್ನು ಕರೆಸಿದರು.

ಸಾಹೇಬರು ಫೋಟೋವನ್ನು ಬಹಳ ಹೊತ್ತು ನೋಡಿದರು.

"ಇವರು ಬಿದ್ದಲ್ಲೇ ಇಲ್ಲ ಸಾ. ನಿಮ್ಮ ಗ್ರೂಪ್ ಫೋಟೋ ತೆಗೆಯೋವಾಗ ಒಬ್ಬರ ಮುಖಕ್ಕೆ ಇನ್ನೊಬ್ಬರು ಅಡ್ಡ ಬರಬಾರ್ದು ಅಂತ ನಾನು ಎಷ್ಟು ಒದ್ದಾಡ್ತೀನಿ, ನೋಡಿದೀರಲ್ಲ. ಇಲ್ಲಿ ಒಂದು ಬುರುಡೆಗೆ ಇನ್ನೊಂದು ಅಡ್ಡ ಬಂದಿಲ್ಲ. ಜನ ಹಿಂಗೆ ಸಾಯಲ್ಲ. ಯಾವನೋ ಜೋಡಿಸಿದಾನೆ."

ನಾನು ಪುಸ್ತಕ ತೆಗೆದು ಓದಿ ಹೇಳಿದೆ. ಫೋಟೋ ತೆಗೆದ ದೊರೆ ಅಲ್ಲಿಗೆ ಬಂದದ್ದೇ ಯುದ್ಧ ಮುಗಿದು ನಾಲ್ಕು ತಿಂಗಳಿಗೆ. ಹೂತಿದ್ದ ಮೂಳೆಗಳನ್ನು ಅಗೆಸಿ ಹರಡಿಸಿದ್ದ. ಕೊಂದವರ ಕಡೆಯವನು, ಕೊಂದದ್ದು ಸಾಲದೆಂಬಂತೆ, ಚಿತ್ರ ಚೆನ್ನಾಗಿ ಬರಲೆಂದು ಗೋರಿಗೂ ಕೈಹಾಕಿದ್ದ!

"ಹಂಗಾದ್ರೆ ಅದನ್ನೇ ಕೆಳಗೆ ಬರೆಸಿ ಸಾ. ಅಗೆದು ತೆಗೆದು ಹರಡಿದ್ದು ಅಂತ," ಎಂದರು ಸಾಹೇಬರು.

"ಹಂಗೆ ಬರೆದ್ರೆ ಯಾರ್ರೀ ಕೈ ಮುಗೀತಾರೆ? ಹೇಳಿದಷ್ಟು ಮಾಡಿ ಸಾಹೇಬ್ರೆ. ಇಲ್ಲಾಂದ್ರೆ ಸ್ಕೂಲಿನ ಕೆಲಸಕ್ಕೆ ಶಿಡ್ಲಘಟ್ಟದ ಫೋಟೋದವನನ್ನ ಕರೆಸ್ತೀನಿ."

ನಾನು ಪಕ್ಕದಲ್ಲೇ ನಿಂತಿದ್ದೆ. ಓದಿ ಹೇಳಿದವನೂ ನಾನೇ. ಸಾಹೇಬರು ನನ್ನ ಮುಖ ನೋಡಿದರು. ಪ್ರತಿ ವರ್ಷ ಸ್ಕೂಲು ಕೊಡುತ್ತಿದ್ದ ಗ್ರೂಪ್ ಫೋಟೋ ಕೆಲಸವೇ ಅವರ ಮನೆಗೆ ಆಧಾರ ಅಂತ ನನಗೆ ಗೊತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಅವರು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಪ್ರದರ್ಶನದ ಬೆಳಿಗ್ಗೆ ಪಟ ತಂದು ಗೋಡೆಗೆ ತಾವೇ ನೇತುಹಾಕಿದರು. ಒಡೆದ ಗೋಡೆ, ಕಂಬ, ಗುಂಡಿನ ತೂತು ಎಲ್ಲ ಇದ್ದವು. ಅಂಗಳ ಮಾತ್ರ ಬರೀ ನೆಲ. ಒಂದೊಂದು ಮೂಳೆಯ ಮೇಲೂ ಸಣ್ಣ ಕುಂಚದಲ್ಲಿ ಮಣ್ಣಿನ ಬಣ್ಣ ತುಂಬಿದ್ದರು. ನಾನು ಡ್ರಾಯಿಂಗ್ ಮೇಷ್ಟ್ರು, ಆ ಕೆಲಸಕ್ಕೆ ಎಷ್ಟು ದಿನ ಕೂತಿರಬೇಕೆಂದು ನನಗೆ ಗೊತ್ತು.

"ಎಲ್ರೀ ವೀರರು?" ಹೆಡ್‌ಮಾಸ್ಟರ್ ಪಟದ ಹತ್ತಿರ ಹೋಗಿ ಕೂಗಿದರು. "ಯಾರನ್ನ ಕೇಳಿ ಅಳಿಸಿದ್ರಿ?"

"ಅವನು ಅಗೆಯೋವಾಗ ಯಾರನ್ನ ಕೇಳಿದ್ದ ಸಾ? ಮಣ್ಣು ಮಾಡಿದೀನಿ," ಎಂದು ಸಾಹೇಬರು ಹೊರಟುಹೋದರು.

ಆ ವರ್ಷದ ಗ್ರೂಪ್ ಫೋಟೋ ತೆಗೆದವನು ಶಿಡ್ಲಘಟ್ಟದವನು. ಅದರಲ್ಲಿ, ಎರಡನೇ ಸಾಲಿನಲ್ಲಿ, ನಾನೂ ಹಲ್ಲು ಕಿರಿದುಕೊಂಡು ನಿಂತಿದ್ದೇನೆ.