ಸೀಟಿ ಬೇಕಿಲ್ಲದ ಬಸ್ಸು

ನಿಂಗಣ್ಣ ಓಡಿಸುತ್ತಿದ್ದ ಬಸ್ಸಿನಲ್ಲಿ ಇಳಿಯುವವರಿಗಾಗಿ ಕಂಡಕ್ಟರು ಸೀಟಿ ಊದಬೇಕಿರಲಿಲ್ಲ. ಯಾರೋ ಚೀಲ ಎತ್ತಿಕೊಂಡದ್ದು ತಲೆಯ ಮೇಲಿನ ಕನ್ನಡಿಯಲ್ಲಿ ಕಂಡರೆ ಸಾಕು, ಅವರ ಓಣಿಗೆ ಸರಿಯಾಗಿ ಬಾಗಿಲು ಬರುವಂತೆ ಬಸ್ಸು ನಿಲ್ಲುತ್ತಿತ್ತು. ಕೆ.ಆರ್. ಪೇಟೆಯಿಂದ ಶೀಳನೆರೆ, ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗುವ ಖಾಸಗಿ ಬಸ್ಸು ಅದು. ವರದಿಗಾರಿಕೆಗಾಗಿ ನಾನು ವರ್ಷಗಟ್ಟಲೆ ಅದರಲ್ಲೇ ಓಡಾಡಿದೆ.

ಕಂಡಕ್ಟರ್ ಮಂಜು ಅಭ್ಯಾಸಬಲದಿಂದ ಸೀಟಿ ಬಾಯಿಗಿಟ್ಟರೆ ನಿಂಗಣ್ಣನಿಂದ ಬೈಗುಳ ಖಚಿತ. “ಅದ್ಯಾಕ್ಲಾ ಕಿವಿ ತೂತು ಮಾಡ್ತೀಯೆ? ಅವ್ವ ಸೆರಗು ಸರಿ ಮಾಡ್ಕಂಡ್ಳು, ನಂಗೊತ್ತಾಯ್ತು.”

ಇಷ್ಟು ಬಿಟ್ಟರೆ ಅವರದು ಮಿತಮಾತು. ಅಂಗಿಯ ಜೇಬಿನಲ್ಲಿ ಬಿ.ಪಿ. ಮಾತ್ರೆ ಇರುತ್ತಿತ್ತು, ನೆನಪಾದಾಗ ನುಂಗುತ್ತಿದ್ದರು.

ಒಂದು ವರ್ಷ ಯುಗಾದಿ ಕಳೆದ ಮೇಲೆ ಬಸ್ಸು ಆಗಾಗ ಓಣಿ ದಾಟಿ ನಿಲ್ಲತೊಡಗಿತು. ಒಂದು ದಿನ ಎರಡು ಲೈಟುಕಂಬ ಮುಂದೆ, ಮರುದಿನ ಮೊದಲಿನಂತೆ ಕರಾರುವಾಕ್ಕು. ಸೊಪ್ಪು ಮಾರುವ ಕೆಂಪಮ್ಮ ಬುಟ್ಟಿ ಹೊತ್ತು ಸುಮ್ಮನೆ ಹಿಂದಕ್ಕೆ ನಡೆಯುತ್ತಿದ್ದಳು. “ಬುಡು ಮಂಜಾ, ಪಾಪ, ನಿದ್ದೆಗೆಟ್ಟವ್ನೆ” ಎಂದು ಮೆಲ್ಲಗೆ ಹೇಳುವಳು. ಬೇರೆಯವರೂ ಹಾಗೆಯೇ. ಆ ಚಾಲಕನ ಮೇಲೆ ದೂರು ಹೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಪಾಂಡವಪುರದ ಹತ್ತಿರ ರಸ್ತೆ ನಾಲೆಯ ಏರಿಗೆ ಅಂಟಿಕೊಂಡು ಹೋಗುತ್ತದೆ. ಒಂದು ಬೆಳಿಗ್ಗೆ ಅಲ್ಲಿ ಕಬ್ಬಿನ ಟ್ರಾಕ್ಟರು ಎದುರಾಯಿತು. ಬ್ರೇಕು ಬಿದ್ದದ್ದು ತಡವಾಗಿ. ಬಸ್ಸು ನಿಂತಾಗ ಕಬ್ಬಿನ ಗರಿ ಮುಂದಿನ ಗಾಜಿಗೆ ತಾಗುತ್ತಿತ್ತು, ಎಡಗಡೆ ನೀರು ತುಂಬಿ ಹರಿಯುತ್ತಿತ್ತು. ನಿಂಗಣ್ಣ ಎಂಜಿನ್ ನಿಲ್ಲಿಸಿ ಕೀಲಿ ತೆಗೆದುಕೊಂಡರು.

“ಮಂಜಾ, ಕಣ್ಣಿಗೆ ಕಾಣ್ತು ಕಣ್ಲಾ. ಕಾಲಿಗೆ ಓಗ್ನಿಲ್ಲ.”

ಮಂಜು ಅವರನ್ನು ನಾಗಮಂಗಲ ಕಡೆಯ ಆಸ್ಪತ್ರೆಗೆ ಕರೆದೊಯ್ದ. ಜೊತೆಗೆ ಬನ್ನಿ ಎಂದಿದ್ದಕ್ಕೆ ನಾನೂ ಹೋಗಿದ್ದೆ. ಮಿದುಳಿನ ಸ್ಕ್ಯಾನ್ ಆಯಿತು. ದೀಪ ಹೊತ್ತಿದಾಗಲೆಲ್ಲ ಗುಂಡಿ ಒತ್ತುವ ಒಂದು ಪರೀಕ್ಷೆಯೂ ಆಯಿತು. ಸರಾಸರಿ ಚೆನ್ನಾಗೇ ಇದೆ ಎಂದರು ಡಾಕ್ಟರಮ್ಮ.

“ಅಂಗಾರೆ ಪಾಸಾದೆ ಬುಡಿ” ಎಂದು ನಿಂಗಣ್ಣ ನಕ್ಕರು.

ಡಾಕ್ಟರಮ್ಮ ನಗದೆ ಸ್ಕ್ಯಾನಿನ ಚಿತ್ರ ತೋರಿಸಿದರು. “ಸರಾಸರಿಯಲ್ಲಿ ಪಾಸು. ಆದ್ರೆ ನಡುನಡುವೆ ಕೆಲವು ಸಲ ತುಂಬ ತಡ ಆಗಿದೆ. ನೋಡಿ, ಮಿದುಳಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯೋ ಎಳೆಗಳು ಈ ಬಿಳಿ ಭಾಗದಲ್ಲಿರ್ತವೆ. ನಿಮಗೆ ಅಲ್ಲಲ್ಲಿ ಸವೆದಿವೆ, ಬಹುಶಃ ಬಿ.ಪಿ.ಯಿಂದ. ಇಂಥವರಲ್ಲಿ ಒಂದು ಸಲ ಚುರುಕು, ಒಂದು ಸಲ ತಡ, ಈ ಏರುಪೇರು ಜಾಸ್ತಿ ಕಾಣುತ್ತೆ. ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಎಷ್ಟು ದಿನದಿಂದ ಹೀಗಾಗ್ತಿದೆ?”

“ಅವತ್ತೊಂದಿನ ಅಷ್ಟೇಯ ಕಣಮ್ಮ.”

ಮಂಜು ನೆಲ ನೋಡುತ್ತ ಹೇಳಿದ: “ಇಲ್ಲ ಕಣಣ್ಣ. ಯುಗಾದಿಯಿಂದ ಇಂಗೇಯ. ನೀನು ಮುಂದಕ್ಕೋಗಿ ನಿಲ್ಲಿಸ್ದಾಗ ಜನ ಇಳ್ಕಂಡು ಇಂದಕ್ಕೆ ನಡ್ಕಂಡೋಯ್ತಿದ್ರು.”

“ಯಾಕ್ಲಾ ಯೋಳ್ನಿಲ್ಲ?”

“ನೀನು ನೊಂದ್ಕತ್ತೀಯ ಅಂತ.”

ನಿಂಗಣ್ಣ, “ಎಲ್ಲಾ ಸೇರ್ಕಂಡು ನನ್ನ ಕನ್ನಡಿ ಮುಚ್ಬುಟ್ರಲ್ಲಾ” ಎಂದರು.

ಬಸ್ಸಿನ ಮಾಲೀಕರಿಗೆ ಅವರನ್ನು ಬಿಡಲು ಮನಸ್ಸಿರಲಿಲ್ಲ. “ಚೆನ್ನಾಗಿರೋ ದಿನ ನೀನೇ ಓಡ್ಸು ನಿಂಗಣ್ಣ. ಮಿಕ್ಕಿದ್ ದಿನ ಬೇರೆಯವ್ರನ್ನ ಹಾಕ್ತೀನಿ” ಎಂದರು. ಸ್ಟಿಯರಿಂಗ್ ಬಿಟ್ಟರೆ ನಿಂಗಣ್ಣನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಒಪ್ಪಿಕೊಳ್ಳುತ್ತಾರೆ ಎಂದೇ ನಾನು ಎಣಿಸಿದ್ದೆ.

“ಚೆನ್ನಾಗಿರೋ ದಿನ ಯಾವ್ದು ಅಂತ ಬೆಳಿಗ್ಗೆ ಗೊತ್ತಾಗಲ್ಲ ಗೌಡ್ರೇ. ಸಂಜೆ ಮನೆ ಸೇರ್ದಾಗ್ಲೇ ಗೊತ್ತಾಗೋದು” ಎಂದು ಕೀಲಿಯನ್ನು ಮೇಜಿನ ಮೇಲಿಟ್ಟು ಎದ್ದರು. ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ.

ಕಳೆದ ಚಳಿಗಾಲದಲ್ಲಿ ನಿಂಗಣ್ಣ ತೀರಿಕೊಂಡರು. ಅದಕ್ಕೆ ಕೆಲವು ವಾರಗಳ ಹಿಂದೆ ನಾನು ಅವರನ್ನು ಕೊನೆಯ ಸಲ ಕಂಡದ್ದು ಅದೇ ಬಸ್ಸಿನಲ್ಲಿ. ಮುಂದಿನ ಸೀಟಿನಲ್ಲಿ ಪ್ರಯಾಣಿಕರಾಗಿ ಕೂತಿದ್ದರು. ಮಾತು ನಿಧಾನವಾಗಿತ್ತು. ನನ್ನ ಹೆಸರು ನೆನಪಾಗಲು ಹೊತ್ತು ಹಿಡಿಯಿತು, ನೆನಪಾದ ಮೇಲೆ ನಮ್ಮ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದರು. ಮಂಜು ಊದಿದ ಸೀಟಿ ಕೇಳಿಸಿಕೊಳ್ಳದೆ ಹೊಸ ಚಾಲಕ ಬಸ್ಸನ್ನು ಕೆಂಪಮ್ಮನ ಓಣಿ ದಾಟಿಸಿ ನಿಲ್ಲಿಸಿದ. ಅವಳು ಎಂದಿನಂತೆ ಬುಟ್ಟಿ ಎತ್ತಿಕೊಂಡಳು.

“ನಾಕೆಜ್ಜೆ ತಾನೆ, ನಡ್ಕಂಡೋಯ್ತೀನಿ ಬುಡಿ.”

ನಿಂಗಣ್ಣ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿದರು. “ಸುಮ್ನೆ ಇಳೀಬ್ಯಾಡ ಕಣಕ್ಕ. ನೀನು ಮುಂದಕ್ಕೋದೆ ಅಂತ ಅವನ್ಗೆ ಯೋಳಿ ಇಳಿ.”

ಕೆಂಪಮ್ಮ ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ಬುಟ್ಟಿಯನ್ನು ಕೆಳಗಿಟ್ಟು, ಚಾಲಕನ ಕಡೆ ತಿರುಗಿ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. ನಿಂಗಣ್ಣ ಕೈ ತೆಗೆದರು.